ಕಂಬ ನಿಂತವರು

ಆ ಶನಿವಾರ ಬೆಳಿಗ್ಗೆ ಸೀಟು ಮೇಷ್ಟ್ರು ಕನ್ನಡಿಯ ಮುಂದೆ ನಿಂತಿದ್ದ ಪರಿ ನೋಡಿದರೆ ಎರಡನೇ ಮದುವೆಗೆ ಹೊರಟವರ ಹಾಗಿತ್ತು. ಜಾಕೀಟಿನ ಜಿಪ್ಪು ಮೇಲೆ ಎಳೆದರು, ಕೆಳಗೆ ಇಳಿಸಿದರು, ಮತ್ತೆ ಎಳೆದರು. ಹೆಂಡತಿ ಬಾಗಿಲಲ್ಲಿ ನಿಂತು, ಹೊಟ್ಟೆ ಒಳಗೆ ಎಳೆದುಕೊಂಡರೆ ಜಿಪ್ಪು ತಾನಾಗಿ ಬರುತ್ತದೆ, ಅದಕ್ಕೆ ಕನ್ನಡಿಯ ಅಪ್ಪಣೆ ಬೇಕಿಲ್ಲ ಎಂದಳು. ಮೇಷ್ಟ್ರು ನಕ್ಕರು. ಅವತ್ತು ಯಾರು ಏನಂದರೂ ಅವರಿಗೆ ಕೋಪ ಬರುವ ಹಾಗಿರಲಿಲ್ಲ.

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ, ಗಾಡಿಗಳಿಗೆ ಸೀಟು ಹೊಲಿಯುವವರು. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದೇ ಷಟರಿನ ಅಂಗಡಿ. ಗೋಡೆಗೆ ಒರಗಿಸಿಟ್ಟ ರೆಕ್ಸಿನ್ ಸುರುಳಿಗಳು, ಕಾಲಿಟ್ಟಲ್ಲೆಲ್ಲ ಫೋಮಿನ ಚೂರು, ಸದಾ ಗೋಂದಿನ ವಾಸನೆ. ಸೀಟು ಹೊಲಿಸಲು ಬಂದವರನ್ನು ಹಿಡಿದು ನಿಲ್ಲಿಸಿಕೊಂಡು, ಬೆನ್ನು ಹೇಗಿರಬೇಕು, ಮೊಣಕಾಲು ಎಲ್ಲಿರಬೇಕು, ತಿರುವಿನಲ್ಲಿ ಕಣ್ಣು ಎಲ್ಲಿರಬೇಕು ಎಂದು ತಲೆ ತಿನ್ನುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತು. ಬೈಕಿನವರ ಕ್ಲಬ್ಬು ಹುಟ್ಟಿದ್ದೂ ಅದೇ ಅಂಗಡಿಯ ಮೆಟ್ಟಿಲ ಮೇಲೆ. ಆಗ ಇದ್ದವರು ಮೇಷ್ಟ್ರು, ಅವರ ಹೆಂಡತಿಯ ತಮ್ಮ, ಅಚ್ಚುಕೂಟದ ಒಬ್ಬ ಗೆಳೆಯ, ಇಷ್ಟೇ ಜನ. ಗೆಳೆಯ ತೀರಿಕೊಂಡ. ತಮ್ಮ ಈಗ ದೊಡ್ಡ ಟೈಲ್ಸ್ ಶೋರೂಮಿನ ಮಾಲೀಕ, ಕ್ಲಬ್ಬಿನ ಕ್ಯಾಪ್ಟನ್. ಕ್ಯಾಪ್ಟನ್ನಿನ ಅಕ್ಕ ಎಂಬ ಕಾರಣಕ್ಕೆ ಮೇಷ್ಟ್ರ ಹೆಂಡತಿ ಇಡೀ ಕ್ಲಬ್ಬಿಗೆ ಅಕ್ಕ.

ಅಕ್ಕನ ಕೆಲಸ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ. ಒಗೆದು ಬಂದ ಹೊದಿಕೆಗಳನ್ನು ಮಡಚುವುದು, ಕಲೆ ಹೋಗದವನ್ನು ಬೇರೆ ಇಡುವುದು, ವಾರ್ಡುಗಳಿಗೆ ಕಳಿಸುವುದು. ತಾಯಿ ಬೇಗ ಹೋದಳೆಂದು ತಮ್ಮನನ್ನು ಅವಳೇ ಸಾಕಿದ್ದಳು. ಮದುವೆಯಾಗಿ ಬರುವಾಗ ಅವನನ್ನೂ ಕೈಹಿಡಿದು ಕರೆತಂದಳು. ಮೇಷ್ಟ್ರು ಒಂದು ಮಾತೂ ಆಡದೆ ಅವನಿಗೂ ಹಾಸಿಗೆ ಹಾಸಿದರು. ಅಷ್ಟೇ ಅಲ್ಲ, ತಮ್ಮದೇ ಗಾಡಿಯ ಮೇಲೆ ಅವನನ್ನು ಕೂರಿಸಿ, ಸೀಟು ಹಿಡಿದು ಹಿಂದೆ ಹಿಂದೆ ಓಡಿ ಓಡಿಸಲು ಕಲಿಸಿದರು. ಆ ಗಾಡಿ ಈಗಲೂ ಇದೆ. ಅಕ್ಕ ಅದನ್ನು ಸವತಿ ಎನ್ನುತ್ತಾಳೆ. ಭಾನುವಾರದ ಬೆಳಗೆಲ್ಲ ಅದನ್ನು ಒರೆಸುತ್ತ ಕೂರುವ ಗಂಡನಿಗೆ, ನನ್ನ ಬೆನ್ನಿಗೂ ಒಂದಿಷ್ಟು ಆ ಎಣ್ಣೆ ಹಾಕಿ ಎಂದು ರೇಗಿಸುತ್ತಾಳೆ.

ಈಗ ವಿಷಯಕ್ಕೆ ಬರೋಣ. ಪ್ರತಿ ವರ್ಷ ನಡೆಯುವ ದೊಡ್ಡ ಬೈಕ್ ರ‍್ಯಾಲಿಗೆ ಕ್ಲಬ್ಬು ಹೊರಟಿತ್ತು. ಎರಡು ದಿನದ ಮೇಳ. ಸುತ್ತಲಿನ ಊರುಗಳ ಕ್ಲಬ್ಬುಗಳೆಲ್ಲ ಬಂದು, ಶನಿವಾರ ಮಧ್ಯಾಹ್ನ ಮೈದಾನದೊಳಕ್ಕೆ ಮೆರವಣಿಗೆಯಲ್ಲಿ ನುಗ್ಗುತ್ತವೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಈ ಸಲ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ನೀವೇ ಭಾವ, ಕ್ಲಬ್ಬು ಕಟ್ಟಿದವರು ಎಂದು ಮೈಕಿನಲ್ಲಿ ಹೇಳಿಸುತ್ತೇನೆ ಎಂದು ತಮ್ಮನೇ ಮನೆಗೆ ಬಂದು ಹೇಳಿಹೋಗಿದ್ದ. ಅವತ್ತಿನಿಂದ ಮೇಷ್ಟ್ರ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅವರು ಜೀವನದಲ್ಲಿ ಯಾವತ್ತೂ ಯಾವ ಸಾಲಿನಲ್ಲೂ ಮುಂದೆ ನಿಂತವರಲ್ಲ. ಒಂದು ಸಲ, ಒಂದೇ ಸಲ ನಿಲ್ಲುವ ಆಸೆ ಅವರಿಗೆ ಎಷ್ಟಿತ್ತು ಎಂಬುದು ಅಕ್ಕನೊಬ್ಬಳಿಗೆ ಗೊತ್ತಿತ್ತು.

ಕ್ಲಬ್ಬಿನವರು ಸಾಲಾಗಿ ಹೋಗುವುದಕ್ಕೆ ಒಂದು ಕಟ್ಟಳೆ ಇದೆ. ಅದನ್ನು ಮಾಡಿದವರೂ ಮೇಷ್ಟ್ರೇ. ಹಿಂದೊಮ್ಮೆ ಅಚ್ಚುಕೂಟದ ಗೆಳೆಯ ತಿರುವಿನಲ್ಲಿ ದಾರಿ ತಪ್ಪಿ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡ. ಅವನು ಬೇರೆಯವರ ಜೊತೆಗಿದ್ದಾನೆ ಎಂದು ಎಲ್ಲರೂ ಎಣಿಸಿದ್ದರಿಂದ ಸಂಜೆಯವರೆಗೂ ಅವನನ್ನು ಯಾರೂ ಹುಡುಕಲಿಲ್ಲ. ಅದಾದ ಮೇಲೆ ಬಂದ ಕಟ್ಟಳೆ ಹೀಗೆ: ತಿರುವು ಬಂದಾಗ ಕ್ಯಾಪ್ಟನ್ನಿನ ಹಿಂದಿರುವವನು ಅಲ್ಲೇ ನಿಂತು ಉಳಿದವರಿಗೆ ದಾರಿ ತೋರಿಸಬೇಕು. ಅವನು ಕಂಬ. ಎಲ್ಲರ ಕೊನೆಗೆ ಕಿತ್ತಳೆ ಅಂಗಿ ಹಾಕಿಕೊಂಡ ಒಬ್ಬ ಬರುತ್ತಾನೆ. ಅವನು ಬಾಲ. ಬಾಲ ಬಂದು ನಿಂತು ಕರೆಯುವವರೆಗೆ ಕಂಬ ಜಾಗ ಬಿಡಬಾರದು. ಬಿಟ್ಟರೆ ಮುಂದೆ ಅವನು ಸಾಲಿನಲ್ಲಿ ಓಡಿಸುವ ಹಾಗಿಲ್ಲ. ಓಡಿಸುವವನಿಗೆ ಫೋನ್ ಮಾಡಬಾರದು ಎಂಬುದು ಇನ್ನೊಂದು. ಹೊಸಬರು ಇದನ್ನೆಲ್ಲ ಕೇಳಿ ಒಳಗೊಳಗೇ ನಗುತ್ತಿದ್ದರು. ಫೋನಿನಲ್ಲೇ ದಾರಿ ತೋರಿಸುವ ಕಾಲದಲ್ಲಿ ಕಂಬ ಯಾಕೆ ಎಂದು ಅವರ ಪ್ರಶ್ನೆ.

ಹೊರಡುವಾಗ ತಮ್ಮ ಬಂದು, ಭಾವ ನೀವು ನನ್ನ ಹಿಂದೇ ಇರಿ ಎಂದ. ಮೇಷ್ಟ್ರು ಹೆಲ್ಮೆಟ್ಟಿನೊಳಗೆ ಅರಳಿದ್ದು ಹಿಂದೆ ಕೂತಿದ್ದ ಅಕ್ಕನಿಗೂ ಗೊತ್ತಾಯಿತು, ಬೆನ್ನು ಅಷ್ಟು ನೆಟ್ಟಗಾಗಿತ್ತು. ಇವರ ಹಿಂದೆ ಬರುತ್ತಿದ್ದವೆಲ್ಲ ಎಮ್ಮೆಯಂಥ ಹೊಸ ಗಾಡಿಗಳು. ಸವತಿ ಅವುಗಳ ಮುಂದೆ ಏದುಸಿರು ಬಿಡುತ್ತ, ಒಂದಿಷ್ಟು ಹೊಗೆಯನ್ನೂ ಬಿಡುತ್ತ ಓಡಿತು. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗ, ಅವತ್ತು ಬಾಲವಾಗಿದ್ದ ಹಲ್ಲಿನ ಡಾಕ್ಟರು ನನ್ನ ಗಾಡಿಯ ಚೈನು ಸಡಿಲವಾಗಿದೆ, ಬಿಗಿಸಿಕೊಂಡು ಬರುತ್ತೇನೆ, ನೀವೆಲ್ಲ ನಡೆಯಿರಿ ಎಂದರು. ಸಹಾಯ ಬೇಕೇ ಎಂದು ಮೇಷ್ಟ್ರು ಕೇಳಿದರು. ಬೇಡ ಬೇಡ ಎಂದರು ಡಾಕ್ಟರು, ಸ್ವಲ್ಪ ಜೋರಾಗಿಯೇ.

ಪೆಟ್ರೋಲ್ ಬಂಕಿನ ಪಕ್ಕದಲ್ಲೇ ಎಲ್ಲರೂ ಒಟ್ಟಿಗೆ ಹೆದ್ದಾರಿ ಬಿಟ್ಟು ಹಳೇ ರಸ್ತೆಗೆ ಇಳಿದರು. ಒಂದು ಕೂಡುರಸ್ತೆ ಬಂತು. ಒಂದು ಕಡೆ ಟೈರಿನ ಅಂಗಡಿ, ಇನ್ನೊಂದು ಕಡೆ ಬೀಗ ಹಾಕಿದ ಗೋದಾಮು, ನಡುವೆ ಬಿಸಿಲು. ಮುಂದಿದ್ದ ತಮ್ಮ ಎಡಗೈ ಚಾಚಿ ತೋರಿಸಿ ತಿರುಗಿದ. ಮೇಷ್ಟ್ರು ಗಾಡಿ ಬದಿಗಿಟ್ಟು, ಇಳಿದು, ಕಂಬ ನಿಂತರು. ಗಾಡಿಗಳು ಒಂದರ ಹಿಂದೊಂದು ಬಂದು ತಿರುಗಿ ಹೋದವು. ಪ್ರತಿಯೊಬ್ಬರಿಗೂ ಮೇಷ್ಟ್ರು ಕೈ ನೀಡಿ ದಾರಿ ತೋರಿಸಿದರು. ಕೆಲವರು ತಲೆಯಾಡಿಸಿದರು, ಕೆಲವರು ಅದನ್ನೂ ಮಾಡಲಿಲ್ಲ. ಸದ್ದೆಲ್ಲ ಅಡಗಿತು. ಬಾಲ ಬರಲಿಲ್ಲ.

ಮೊದಮೊದಲು ಮೇಷ್ಟ್ರು ಚೈನಿನ ವಿಷಯ ಮಾತಾಡಿದರು. ಹೊಸ ಗಾಡಿಗಳ ಚೈನು ಬಿಗಿಸುವುದು ಹೊತ್ತು ಹಿಡಿಯುತ್ತದೆ ಎಂದರು. ಆಮೇಲೆ ಮಾತು ಕಡಿಮೆಯಾಯಿತು. ಅಕ್ಕ ಟೈರಿನ ರಾಶಿಯ ಮೇಲೆ ನೆರಳಿಗೆ ಕೂತು, ಬನ್ನಿ ಇಲ್ಲಿ, ನಿಮ್ಮ ಡಾಕ್ಟರು ಬಂದರೆ ಕೂತಿದ್ದವರೂ ಕಾಣಿಸುತ್ತಾರೆ ಎಂದು ಕರೆದಳು. ಕಂಬ ಕೂರಬಾರದು ಎಂದರು ಮೇಷ್ಟ್ರು. ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು, ಜಾಕೀಟು ಬಿಚ್ಚಲಿಲ್ಲ. ದೂರದಲ್ಲಿ ಏನೇ ಸದ್ದಾದರೂ ಕತ್ತು ಚಾಚುತ್ತಿದ್ದರು. ಲಾರಿ ಬಂತು, ಹಾಲಿನ ವ್ಯಾನು ಬಂತು, ಕಿತ್ತಳೆ ಅಂಗಿ ಮಾತ್ರ ಬರಲಿಲ್ಲ.

"ಏನೋ ಆಗಿದೆ ಕಣೇ ಅವರಿಗೆ," ಎಂದರು ಕೊನೆಗೆ. "ಹಿಂದೆ ಹೋಗಿ ನೋಡೋಣ ಅಂದ್ರೆ ಜಾಗ ಬಿಡೋ ಹಾಗಿಲ್ಲ. ಪಾಪ, ಎಲ್ಲಿ ಬಿದ್ದಿದಾರೋ."

ಮೆರವಣಿಗೆಯ ಹೊತ್ತು ಹತ್ತಿರವಾಗುತ್ತಿತ್ತು. ಆ ಮನುಷ್ಯ ಅದರ ಮಾತೇ ಎತ್ತದೆ ಡಾಕ್ಟರ ಚಿಂತೆ ಮಾಡುತ್ತಿದ್ದುದು ನೋಡಿ ಅಕ್ಕನಿಗೆ ತಡೆಯಲಾಗಲಿಲ್ಲ. ಕುಡಿಯಲು ನೀರು ಕೇಳಿ ಬರುತ್ತೇನೆ ಎಂದು ಟೈರಿನ ಅಂಗಡಿಯ ಹಿಂದಕ್ಕೆ ಹೋದವಳು ತಮ್ಮನಿಗೆ ಫೋನ್ ಮಾಡಿದಳು. ಕಟ್ಟಳೆ ಮುರಿದರೆ ಮುರಿಯಲಿ, ತನ್ನನ್ನಂತೂ ಯಾರೂ ಸಾಲಿನಿಂದ ತೆಗೆಯುವುದಿಲ್ಲ.

ಆ ಕಡೆ ಇಂಜಿನುಗಳ ಗದ್ದಲ, ಮೈಕು. ತಮ್ಮ ಕೂಗಿ ಮಾತಾಡಿದ. ನೀವಿನ್ನೂ ಅಲ್ಲೇ ಇದ್ದೀರಾ ಎಂದು ಅವನಿಗೇ ಆಶ್ಚರ್ಯ. ಡಾಕ್ಟರು ಆಗಲೇ ಹೆದ್ದಾರಿಯಿಂದ ನೇರ ಬಂದು ಮುಟ್ಟಿದ್ದರಂತೆ. ಡಾಕ್ಟರಿಗೆ ಹೆದ್ದಾರಿಯಲ್ಲಿ ಬನ್ನಿ ಅಂತ ಹೇಳಿದ್ದು ಯಾರು ಎಂದು ಅಕ್ಕ ಕೇಳಿದಳು. ತಮ್ಮನ ದನಿ ತಗ್ಗಿತು.

"ಅಕ್ಕಾ, ನೀನು ಬೇಜಾರು ಮಾಡ್ಕೋಬೇಡ. ಈ ಸಲ ಬೈಕ್ ಕಂಪನಿಯವರು ಜಾಕೀಟು, ಬ್ಯಾನರು ಎಲ್ಲ ಕೊಟ್ಟಿದಾರೆ. ಸಾಲಲ್ಲಿ ಹೊಸ ಗಾಡಿಗಳೇ ಇರಬೇಕು ಅಂದ್ರು. ಭಾವನಿಗೆ ಬಾಯಿಬಿಟ್ಟು ಹೇಳೋಕೆ ನನ್ನಿಂದ ಆಗಲಿಲ್ಲ. ನೀನೇ ಏನಾದ್ರೂ ಹೇಳಿ ನಿಧಾನಕ್ಕೆ ಕರ್ಕೊಂಡು ಬಾ."

ಅಕ್ಕ ಫೋನ್ ಇಟ್ಟಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಭಾವನನ್ನು ಸಾಲಿನಿಂದ ತೆಗೆದಿದ್ದ ತಮ್ಮ, ಕೈಗೆ ಕೊಳೆ ಆಗದ ಹಾಗೆ. ಭಾವನ ಹತ್ತಿರ ಬೇಡ ಎನ್ನುವ ಧೈರ್ಯ ಇರಲಿಲ್ಲ, ಭಾವ ಜಾಗ ಬಿಟ್ಟು ಕದಲುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಬೇರೆ ಯಾರನ್ನಾದರೂ ಹಾಗೆ ನಿಲ್ಲಿಸಿದ್ದರೆ ಇಷ್ಟು ಹೊತ್ತಿಗೆ ಬೈದುಕೊಂಡು ಬಂದುಬಿಡುತ್ತಿದ್ದರು. ಈ ಮನುಷ್ಯನನ್ನು ಹಿಡಿದು ನಿಲ್ಲಿಸಲು ಹಗ್ಗ ಬೇಕಿರಲಿಲ್ಲ, ಅವರೇ ಮಾಡಿದ ಕಟ್ಟಳೆ ಸಾಕಾಗಿತ್ತು. ತಾನು ತುತ್ತು ಮಾಡಿ ಉಣಿಸಿದ ಬಾಯಿಂದ ಇಂಥ ಮಾತು ಕೇಳಬೇಕಾಯಿತಲ್ಲ ಎಂಬ ಸಂಕಟದಲ್ಲಿ ಅಕ್ಕ ನೀರಿನ ಬಾಟಲಿ ತುಂಬಿಸಿಕೊಳ್ಳುವುದನ್ನೇ ಮರೆತಳು.

ಈಚೆ ಬಂದರೆ ಮೇಷ್ಟ್ರು ತಡೆಯಲಾರದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಾರೆ. ಬೆಳಗಿನಿಂದ ಮೂತ್ರಕ್ಕೆ ಹೋಗಿರಲಿಲ್ಲ. ಹೆಂಡತಿಯನ್ನು ಕಂಡೊಡನೆ, ಒಂದು ನಿಮಿಷ ಇಲ್ಲಿ ನಿಂತಿರು, ಕಣ್ಣು ಆ ಕಡೆ ಈ ಕಡೆ ಮಾಡಬೇಡ ಎಂದು ಗೋದಾಮಿನ ಗೋಡೆಯ ಹಿಂದಕ್ಕೆ ಓಡಿದರು. ಓಡುವಾಗಲೂ ತಿರುಗಿ ತಿರುಗಿ ರಸ್ತೆ ನೋಡಿದರು.

ಆಸ್ಪತ್ರೆಯಲ್ಲಿ ಅಷ್ಟು ವರ್ಷ ಇದ್ದವಳಿಗೆ ಸುಳ್ಳು ಹೇಳುವವರನ್ನು ನೋಡಿ ಗೊತ್ತಿತ್ತು. ಏನೂ ಇಲ್ಲ, ನಾಳೆ ಮನೆಗೆ ಹೋಗಬಹುದು ಎಂದು ನರ್ಸುಗಳು ಹೇಳುತ್ತಿದ್ದರು. ಮರುದಿನ ರೋಗಿ ಇರುತ್ತಿರಲಿಲ್ಲ, ಆ ಹಾಸಿಗೆಯ ಹೊದಿಕೆ ಇವಳ ಕೈಗೆ ಬರುತ್ತಿತ್ತು. ನಿಜ ಹೇಳಿ ಕೊಲ್ಲುವುದಕ್ಕಿಂತ ಅದು ವಾಸಿ ಎಂದು ಅವಳಿಗೆ ಅನ್ನಿಸಿತ್ತು. ಗೋಡೆಯ ಹಿಂದಿನಿಂದ ಗಂಡ ಬರುವಷ್ಟರಲ್ಲಿ ಅವಳ ಬಾಯಲ್ಲಿ ಮಾತು ಸಿದ್ಧವಾಗಿತ್ತು.

"ನೀವು ಆ ಕಡೆ ಹೋದ್ರಿ, ಅವರು ಈ ಕಡೆ ಬಂದ್ರು. ಡಾಕ್ಟ್ರು. ಕೈ ಎತ್ತಿ ಹೋದ್ರು. ಹಿಂದೆ ಲಾರಿ ಇತ್ತು, ನಿಲ್ಲೋಕೆ ಆಗಲಿಲ್ಲ ಅನ್ಸುತ್ತೆ."

ಮೇಷ್ಟ್ರು ನಂಬಿದರು. ಹೆಂಡತಿ ಹೇಳಿದ್ದನ್ನು ನಂಬದಿರುವ ಅಭ್ಯಾಸ ಅವರಿಗೆ ಇರಲಿಲ್ಲ. ಆದರೆ ಮುಖದ ಬಣ್ಣ ಇಳಿದುಹೋಯಿತು. ಕಂಬ ಇಲ್ಲದ್ದು ನೋಡಿ ಅವರು ಏನಂದುಕೊಂಡರೋ, ತಡೆಯಬಾರದಿತ್ತೇ ನೀನು ಎಂದಷ್ಟೇ ಕೇಳಿ ಗಾಡಿ ಹತ್ತಿದರು. ಆಮೇಲೆ ಸವತಿಯನ್ನು ಓಡಿಸಿದ ವೇಗಕ್ಕೆ ಅಕ್ಕ ಅವರ ಸೊಂಟ ತಬ್ಬಿ ಹಿಡಿದು ಕೂರಬೇಕಾಯಿತು. ಹೋಗುವುದು ತಡವಾದಷ್ಟೂ ಒಳ್ಳೆಯದು ಎಂದು ಅವಳಿಗೆ, ಮೆರವಣಿಗೆ ಸಿಕ್ಕರೆ ಸಾಕು ಎಂದು ಅವರಿಗೆ.

ಸಿಗಲಿಲ್ಲ. ಮೈದಾನದಲ್ಲಿ ಗಾಡಿಗಳು ಆಗಲೇ ಸಾಲುಸಾಲಾಗಿ ನಿಂತು ಬಿಸಿಲಿಗೆ ಹೊಳೆಯುತ್ತಿದ್ದವು. ಒಂದು ಕಡೆ ಎತ್ತರದ ಕಟ್ಟೆಯ ಮೇಲೆ ಹೊಸ ಮಾದರಿಯ ಬೈಕೊಂದು ತಾನೇ ಗಿರಗಿರ ತಿರುಗುತ್ತಿತ್ತು, ಜನ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು. ಕ್ಲಬ್ಬಿನವರು ಕಂಪನಿಯ ಪೆಂಡಾಲಿನ ಕೆಳಗೆ ಇದ್ದರು, ಎಲ್ಲರ ಮೈಮೇಲೂ ಒಂದೇ ಥರದ ಕರೀ ಜಾಕೀಟು. ನಿಮ್ಮದೂ ಎತ್ತಿಟ್ಟಿದೆ ಭಾವ ಎಂದ ತಮ್ಮ, ಮೇಜಿನ ಕೆಳಗೆ ಬಗ್ಗಿ ಹುಡುಕಿದ. ಇಲ್ಲದ್ದು ಎಲ್ಲಿಂದ ಸಿಗಬೇಕು? ಮೇಷ್ಟ್ರ ಲಕ್ಷ್ಯ ಜಾಕೀಟಿನ ಮೇಲೆ ಇರಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು ನೇರ ಡಾಕ್ಟರ ಮುಂದೆ ಹೋಗಿ ನಿಂತರು.

"ತಪ್ಪು ನಂದೇ ಡಾಕ್ಟ್ರೇ. ಗೋಡೆ ಹಿಂದೆ ಹೋಗಿದ್ದೆ. ನೀವು ಕೈ ಎತ್ತಿದ್ದನ್ನ ಇವಳು ನೋಡಿದಾಳೆ. ಕಂಬ ಇಲ್ಲದ್ದು ನೋಡಿ ಎಷ್ಟು ಗಾಬರಿ ಆದ್ರೋ ಏನೋ."

ದಿನವಿಡೀ ಬೇರೆಯವರ ಬಾಯಿ ತೆರೆಸುವ ಮನುಷ್ಯ ತಾವೇ ಬಾಯಿ ತೆರೆದುಕೊಂಡು ನಿಂತರು. ಅಕ್ಕನ ಮುಖ ನೋಡಿದರು. ಅಕ್ಕ ನೆಲ ನೋಡಿದಳು. ಡಾಕ್ಟರು ಓದಿದವರು, ತಿಳಿಯಲು ಹೊತ್ತಾಗಲಿಲ್ಲ. ಹೌದು ಮೇಷ್ಟ್ರೇ, ಕೈ ಎತ್ತಿದೆ, ನೀವು ಕಾಣಲಿಲ್ಲ ಎಂದುಬಿಟ್ಟರು. ಪಕ್ಕದಲ್ಲೇ ಮೇಜಿನ ಕೆಳಗೆ ಬಗ್ಗಿದ್ದ ತಮ್ಮ ಎದ್ದು ನಿಂತ. ಅವನ ಮುಖದಲ್ಲಿ ಬೆಳಗಿನಿಂದ ಇದ್ದ ಕಳ್ಳಕಳೆ ಆ ಕ್ಷಣವೇ ಹೋಯಿತು. ಅಕ್ಕ ಕಣ್ಣಾರೆ ಕಂಡಳು. ತಾನು ಗಂಡನ ಗಾಯಕ್ಕೆಂದು ಹೊದಿಸಿದ ಸುಳ್ಳಿನ ಬಟ್ಟೆಯನ್ನು ಎಳೆದು ಇವರು ಹೊದ್ದುಕೊಂಡರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಬಿಡುವ ಆಸಾಮಿಯಲ್ಲ. ಹೊಸಬರೆಲ್ಲ ಸುತ್ತ ನಿಂತಿರುವಾಗಲೇ, ಜಾಗ ಬಿಟ್ಟ ಕಂಬ ಸಾಲಿನಲ್ಲಿ ಓಡಿಸಬಾರದು ಎಂದು ನಾನೇ ಮಾಡಿದ ಕಟ್ಟಳೆ, ನನಗೊಂದು ಬೇರೆಯವರಿಗೊಂದು ಆಗಬಾರದು, ಇವತ್ತಿನಿಂದ ನಾನು ಸಾಲಿನಲ್ಲಿ ಇಲ್ಲ ಎಂದರು. ದನಿ ನಡುಗಲಿಲ್ಲ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಬೇಡ ಮೇಷ್ಟ್ರೇ ಎನ್ನುತ್ತಾರೇನೋ ಎಂದು ಅಕ್ಕ ಎಲ್ಲರ ಮುಖ ನೋಡಿದಳು. ಒಬ್ಬ ಫೋನು ನೋಡುತ್ತಿದ್ದ. ಇನ್ನೊಬ್ಬ ಜಾಕೀಟಿನ ತೋಳು ಸರಿಮಾಡಿಕೊಳ್ಳುತ್ತಿದ್ದ.

ತಮ್ಮ ಮುಂದೆ ಬಂದು ಭಾವನ ಹೆಗಲ ಮೇಲೆ ಕೈ ಹಾಕಿದ. ಶಿಕ್ಷೆ ಗಿಕ್ಷೆ ಎಂಥದ್ದು, ನೀವು ನಮ್ಮ ಹಿರಿಯರು, ಇನ್ನುಮುಂದೆ ಲಗೇಜಿನ ವ್ಯಾನಿನಲ್ಲಿ ಆರಾಮಾಗಿ ಕೂತು ಬನ್ನಿ, ಕ್ಲಬ್ಬಿನ ಗೌರವ ಸದಸ್ಯರು ನೀವು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಚಪ್ಪಾಳೆ ತಟ್ಟಿದರು. ಆಗ ತಟ್ಟಿದರು ನೋಡಿ, ಕೈ ನೋಯುವ ಹಾಗೆ.

ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಇವನು ಸುಳ್ಳ, ಆ ಡಾಕ್ಟರು ಆ ದಾರಿಗೇ ಬಂದಿಲ್ಲ, ಬೇಕೆಂದೇ ನಿಮ್ಮನ್ನು ಬಿಸಿಲಲ್ಲಿ ನೆಟ್ಟು ಬಂದರು ಎಂದು ಕೂಗಿಬಿಡಬೇಕೆಂದು ಒಂದು ಹೆಜ್ಜೆ ಮುಂದೆ ಇಟ್ಟಳು. ತಮ್ಮ ಅವಳನ್ನು ನೋಡಿದ. ಅದಕ್ಕೆ ಅವಳು ಹೆದರಲಿಲ್ಲ. ಆದರೆ ಗಂಡನ ಮುಖ ನೋಡಿ ನಿಂತುಬಿಟ್ಟಳು. ಆ ಮುಖದಲ್ಲಿ ನೋವಿತ್ತು, ಸರಿ. ಆದರೂ ಅದು ತಲೆ ಎತ್ತಿಕೊಂಡಿದ್ದ ಮುಖ. ತನ್ನ ತಪ್ಪಿಗೆ ತಾನೇ ದಂಡ ಹಾಕಿಕೊಂಡು ನಿಂತಿದ್ದ ಮನುಷ್ಯನಿಗೆ, ನಿಮ್ಮನ್ನು ಕಸದ ಹಾಗೆ ಬದಿಗೆ ಗುಡಿಸಿದರು, ಗುಡಿಸಿದವನು ನೀವು ಸೀಟು ಹಿಡಿದು ಓಡಿಸಲು ಕಲಿಸಿದವನೇ ಎಂದು ಯಾವ ಬಾಯಿಂದ ಹೇಳುವುದು? ಹೇಳಿದರೆ ಅವರು ಬದುಕಿರುತ್ತಾರೆ, ಆದರೆ ಮತ್ತೆ ಯಾರ ಮಾತನ್ನೂ ನಂಬುವುದಿಲ್ಲ. ಇಟ್ಟ ಹೆಜ್ಜೆಯನ್ನು ಅಕ್ಕ ಹಿಂದಕ್ಕೆ ತೆಗೆದುಕೊಂಡಳು.

ಆ ಸಂಜೆ ಮೇಷ್ಟ್ರು ಮೇಳವನ್ನೆಲ್ಲ ಸುತ್ತಿ ನೋಡಿದರು. ಯಾರದೋ ಹಳೇ ಬೈಕಿನ ಸೀಟಿನ ಹೊಲಿಗೆ ಮುಟ್ಟಿ ನೋಡಿ, ದಾರ ದಪ್ಪವಾಯಿತು ಎಂದರು. ಅಕ್ಕ ಹಿಂದೆ ಹಿಂದೆ ನಡೆದಳು. ಒಮ್ಮೆ ಅವಳು ಒಬ್ಬಳೇ ಸಿಕ್ಕಾಗ ತಮ್ಮ ಹಿಡಿದು ನಿಲ್ಲಿಸಿ, ಥ್ಯಾಂಕ್ಸ್ ಅಕ್ಕಾ, ಸರಿಯಾದ ಮಾತು ಹೇಳಿದೆ ಎಂದ. ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದಳು ಅಕ್ಕ. ಅವನು ತಮಾಷೆ ಎಂದುಕೊಂಡು ನಕ್ಕ.

ಭಾನುವಾರ ಕ್ಲಬ್ಬು ಸಾಲು ಕಟ್ಟಿ ಹೊರಟಿತು. ಮೇಷ್ಟ್ರು ಗೇಟಿನ ಬದಿಯಲ್ಲಿ ನಿಂತು ಎಲ್ಲರಿಗೂ ಕೈಬೀಸಿ ಕಳಿಸಿಕೊಟ್ಟರು. ಸದ್ದು ಪೂರ್ತಿ ಅಡಗಿದ ಮೇಲೆ ಸವತಿಯನ್ನು ಹೊರಗೆ ತೆಗೆದರು. ದಾರಿಯಲ್ಲಿ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದರು. ಬೆಂಚಿನ ಮೇಲೆ ಕೂತು ಅರ್ಧ ಲೋಟ ಟೀ ಕುಡಿದರು. ಆಮೇಲೆ ಹೆಂಡತಿಯ ಕಡೆ ತಿರುಗದೆಯೇ ಕೇಳಿದರು.

"ಒಂದು ಕೈ ಅಡ್ಡ ಹಾಕೋಕೆ ಆಗಲಿಲ್ವಾ ನಿನಗೆ? ಡಾಕ್ಟ್ರು ಬಂದಾಗ ಒಂದು ಕೈ ಅಡ್ಡ ಹಾಕಿದ್ರೆ ಆಗ್ತಿತ್ತು. ಇಷ್ಟು ವರ್ಷ ನನ್ನ ಹಿಂದೆ ಕೂತು ಅಷ್ಟೂ ಕಲೀಲಿಲ್ವಾ?"

ಅಕ್ಕ ಲೋಟ ಕೆಳಗಿಟ್ಟಳು. "ತೋಚಲಿಲ್ಲ ಕಣ್ರೀ," ಎಂದಳು. "ತಪ್ಪಾಯ್ತು."

"ನಿನ್ನ ತಮ್ಮನ್ನ ನೋಡಿ ಕಲಿ. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸಿದ. ಅವನಿಗೆ ನನ್ನ ಮೇಲಿರೋ ಪ್ರೀತೀಲಿ ಒಂದು ಚೂರು ನಿನಗಿದ್ದಿದ್ರೆ ಇವತ್ತು ನಾನು ಸಾಲಲ್ಲಿ ಇರ್ತಿದ್ದೆ."

"ಹೌದು ಕಣ್ರೀ," ಎಂದಳು ಅಕ್ಕ.

ಮೇಷ್ಟ್ರು ಲೋಟ ಇಟ್ಟು ಎದ್ದು ಹೋಗಿ ಗಾಡಿಗೆ ಕಿಕ್ಕು ಹೊಡೆದರು. ಅವಳು ಹಿಂದೆ ಹತ್ತಿ ಕೂತಳು. ದಾರಿಯುದ್ದಕ್ಕೂ ಅವರು ಅವಳ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಬಹಳ ದಿನ ಆಡಲಿಲ್ಲ.